ಮಳೆಮಾಪಕದಲ್ಲಿ ಏಳು ಚೀಟಿ

ಮಾನ್ಯ ವಾಚಕ ಮಹಾಶಯರ ಸನ್ನಿಧಿಯಲ್ಲಿ ಸವಿನಯ ವಿಜ್ಞಾಪನೆ. ಸುಖವೆಂಬುದು ಆಯ್ಕೆಯಿಂದ ಬರುವುದೋ ಆಕಸ್ಮಿಕದಿಂದ ಬರುವುದೋ ಎಂಬ ಪುರಾತನ ಪ್ರಶ್ನೆಗೆ ಉತ್ತರ ಬಯಸಿ ತಾವು ಈ ಪುಟ ತೆರೆದಿದ್ದರೆ, ಅದು ಇಲ್ಲಿ ದೊರೆಯದೆಂದು ಮೊದಲೇ ನಿವೇದಿಸುವುದು ನನ್ನ ಕರ್ತವ್ಯ. ಇಲ್ಲಿ ದೊರೆಯುವುದು ಒಬ್ಬ ಗುಮಾಸ್ತ, ಅವನ ಒಬ್ಬ ಗೆಳೆಯ ಮತ್ತು ಕತ್ತು ಸಣ್ಣದಾದ ಒಂದು ತಾಮ್ರದ ಪಾತ್ರೆ, ಇಷ್ಟೆ.

ತೊಂದರೆಗೆ ಕಾರಣವಾದದ್ದು ಒಂದು ಪುಸ್ತಕ. ಯಾರೋ ಬೈಂಡ್ ಮಾಡಲು ಕೊಟ್ಟು, ಮರಳಿ ಒಯ್ಯಲು ಬಾರದೆ ಹೋದ ಪುಸ್ತಕ. ಮೊದಲ ಹದಿನಾರು ಪುಟಗಳಿರಲಿಲ್ಲ, ಕೊನೆಯ ಹದಿನಾರೂ ಇರಲಿಲ್ಲ. ನಡುವೆ ಉಳಿದದ್ದರಲ್ಲಿ ಬಹಳ ಹಿಂದೆ ತನ್ನ ತೋಟದಲ್ಲಿ ಗೆಳೆಯರನ್ನು ಕೂರಿಸಿಕೊಂಡು ಪಾಠ ಹೇಳುತ್ತಿದ್ದ ಒಬ್ಬ ಜ್ಞಾನಿಯ ವಿಚಾರಗಳಿದ್ದವು. ಅದನ್ನು ಓದಿದವನು ಚೀಟಿಯಪ್ಪ.

ಚೀಟಿಯಪ್ಪ ನದಿಯ ನೀರಿನ ಮಟ್ಟ ದಾಖಲಿಸುವ ಕಚೇರಿಯಲ್ಲಿ ಗುಮಾಸ್ತ. ಆ ನದಿಯ ಮೇಲುಗಡೆ, ದೋಣಿಯಲ್ಲಿ ಎರಡು ದಿನದ ದಾರಿಯಾಚೆ, ಒಂದು ಅಳತೆಯ ಠಾಣೆಯಿತ್ತು: ತಗಡಿನ ಸೂರಿನ ಕೋಣೆ, ನೀರಿನಲ್ಲಿ ನೆಟ್ಟ ಅಳತೆಗಂಬ, ಸುತ್ತ ಮನುಷ್ಯನ ಸುಳಿವಿಲ್ಲ. ದಿನಕ್ಕೆ ಮೂರು ಬಾರಿ ಕಂಬ ನೋಡಿ ಅಂಕಿ ಬರೆಯಲು ಒಬ್ಬ ಗುಮಾಸ್ತ ಅಲ್ಲಿ ಒಂದು ವರ್ಷ ಇರಬೇಕು. ಮೂರು ಕಚೇರಿಗಳು ಸರದಿಯಂತೆ ಜನ ಕಳಿಸುತ್ತಿದ್ದುದರಿಂದ ಈ ಕಚೇರಿಯ ಪಾಳಿ ಮೂರು ವರ್ಷಕ್ಕೊಮ್ಮೆ ಬರುತ್ತಿತ್ತು. ಯಾರು ಹೋಗಬೇಕೆಂದು ಚೀಟಿ ಎತ್ತುತ್ತಿದ್ದರು. ಏಳು ಗುಮಾಸ್ತರಲ್ಲಿ ಹಿಂದಿನ ನಾಲ್ಕು ಪಾಳಿಯಲ್ಲೂ ಬಂದದ್ದು ಒಂದೇ ಹೆಸರು. ಅಲ್ಲಿಂದ ಮುಂದೆ ಆ ಹೆಸರನ್ನೇ ಎಲ್ಲರೂ ಮರೆತು ಅವನನ್ನು ಚೀಟಿಯಪ್ಪ ಎಂದರು.

ಅವನಿಗಿದ್ದದ್ದು ಒಂದೇ ಸುಖ. ಸಂಜೆ ಪುಸ್ತಕಕ್ಕೆ ರಟ್ಟು ಕಟ್ಟುವ ರಟ್ಟಣ್ಣನ ಅಂಗಡಿಯ ಹಿಂದೆ, ಮಂಚದಷ್ಟು ಅಗಲದ ಬಯಲಿನಲ್ಲಿ, ಬೋರಲು ಹಾಕಿದ ಎರಡು ಪೆಟ್ಟಿಗೆಗಳ ಮೇಲೆ ಕುಳಿತು ಬ್ರೆಡ್ಡು ಹಂಚಿಕೊಳ್ಳುವುದು. ಹಿಂದೆ ಪೆಟ್ಟಿಗೆ ಮೂರಿದ್ದವು. ಮೂರನೆಯವನು ಗಡಿಯಾರ ರಿಪೇರಿಯವನು. ಚೀಟಿಯಪ್ಪ ಕಳೆದ ಬಾರಿ ಠಾಣೆಯಲ್ಲಿದ್ದಾಗ ಅವನು ತೀರಿಕೊಂಡ. ಸುದ್ದಿ ಹನ್ನೊಂದು ದಿನ ತಡವಾಗಿ ಮುಟ್ಟಿತು. ಅಂದು ಚೀಟಿಯಪ್ಪ ಅಳತೆಗಂಬದ ಮುಂದೆ ಕುಳಿತು ಅತ್ತ. ರಟ್ಟಣ್ಣನಿಗೆ ಈಗ ಅರವತ್ತೆಂಟು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಇನ್ನೊಂದು ವರ್ಷ ದೂರವಿದ್ದರೆ ಮರಳಿ ಬಂದಾಗ ಒಂದೇ ಪೆಟ್ಟಿಗೆ ಉಳಿದೀತೆಂಬುದು ಚೀಟಿಯಪ್ಪನ ಭಯ.

ಚೀಟಿ ಎತ್ತುವ ದಿನ ಬೆಳಿಗ್ಗೆ ಅವನು ಕಣ್ಣು ಬಿಟ್ಟಾಗ ಟ್ರಂಕು ತುಂಬಿಸಿ ಬಾಗಿಲ ಬಳಿ ಇಟ್ಟಿತ್ತು. ಅದರ ಮೇಲೆ ಹಾಸಿಗೆ ಸುತ್ತಿಟ್ಟಿತ್ತು. ಆ ಹಾಸಿಗೆಯ ಮೇಲೆ ಮಲಗಿದ್ದ ತಾನು ಯಾವಾಗ ನೆಲಕ್ಕಿಳಿದೆನೆಂಬುದು ಅವನಿಗೆ ನೆನಪಾಗಲಿಲ್ಲ.

"ಅಕ್ಕಾ, ಚೀಟಿ ಎತ್ತೋದು ನಾಲ್ಕು ಗಂಟೆಗೆ!"

"ಎತ್ತೋದು ನಾಲ್ಕಕ್ಕೆ. ಬರೋದು ಯಾರ್ದು ಅಂತ ಊರಿಗೆಲ್ಲಾ ಗೊತ್ತು," ಎಂದಳು ಅಕ್ಕ. "ಆರಕ್ಕೆ ದೋಣಿ. ಆಗ ಓಡಿ ಬಂದು ಬನಿಯನ್ ಎಲ್ಲಿ, ಟವೆಲ್ ಎಲ್ಲಿ ಅಂತ ನನ್ನ ಪ್ರಾಣ ತಿನ್ಬೇಡ. ಟ್ರಂಕು ದೋಣಿಗಟ್ಟೆಗೆ ಮಧ್ಯಾಹ್ನವೇ ಕಳಿಸ್ಬಿಡ್ತೀನಿ."

ಕೆಳಮನೆಯ ಡ್ರಾಯಿಂಗ್ ಮೇಷ್ಟ್ರು ಟೇಪು ಹಿಡಿದು ಗೋಡೆ ಅಳೆಯುತ್ತಿದ್ದರು.

"ಕಿಟಕಿ ಚೆನ್ನಾಗಿದೆ. ಒಂದು ವರ್ಷ ಚಿತ್ರ ಬರೆಯೋಕೆ ಅಂತ ನಿಮ್ಮಕ್ಕ ಈ ರೂಮು ಕೊಟ್ಟಿದ್ದಾರೆ. ತಾವೇನೂ ಅಂದ್ಕೋಬೇಡಿ."

"ನಾನಿನ್ನೂ ಹೋಗಿಲ್ಲ ಮೇಷ್ಟ್ರೇ!"

"ಅದಕ್ಕೇ ನಾನೂ ಬರೀ ಟೇಪು ತಂದಿರೋದು."

ಚೀಟಿಯಪ್ಪ ಎದ್ದು ನಿಂತ. "ಈ ಸಲ ಹೋಗಲ್ಲ. ಮನುಷ್ಯನ ಬಾಳಲ್ಲಿ ಆಕಸ್ಮಿಕದ ಪಾಲು ಬಹಳ ಕಡಿಮೆ. ದೊಡ್ಡ ವಿಷಯಗಳೆಲ್ಲಾ ನಮ್ಮ ಆಯ್ಕೆ."

"ಯಾರು ಹೇಳಿದ್ದು?"

"ತೋಟದಲ್ಲಿ ಕೂತಿದ್ದ ಒಬ್ಬ ಜ್ಞಾನಿ."

"ತೋಟ ಇದ್ದೋರು ಏನು ಬೇಕಾದ್ರೂ ಹೇಳ್ತಾರೆ ಬಿಡಿ," ಎಂದು ಮೇಷ್ಟ್ರು ಟೇಪನ್ನು ಇನ್ನೊಂದು ಗೋಡೆಗೆ ಹಿಡಿದರು.

ಕಚೇರಿಗೆ ಹೋಗುವ ದಾರಿಯಲ್ಲಿ ಅವನು ರಟ್ಟಣ್ಣನನ್ನು ಕಂಡ. ರಟ್ಟಣ್ಣ ಗೋಂದಿನ ಡಬ್ಬಿಗಳನ್ನು ತೊಳೆದು ಬೋರಲು ಹಾಕುತ್ತಿದ್ದ. ಎಂದೂ ಇಲ್ಲದ ಉತ್ಸಾಹ.

"ಏನಯ್ಯಾ, ಈ ಸಲಾನೂ ನಿಂದೇ ಬರುತ್ತೆ ತಾನೆ?"

"ನೀನೂ ಹಾಗೇ ಅಂತೀಯಲ್ಲೋ!"

"ಅಲ್ಲಾ, ಖಂಡಿತಾ ತಾನೆ?"

ಗೆಳೆಯನ ಬಾಯಿಂದ ಇದನ್ನು ಕೇಳಿ ಚೀಟಿಯಪ್ಪನಿಗೆ ಬಹಳ ನೋವಾಯಿತು. ತನ್ನನ್ನು ಕಳಿಸಿಕೊಡಲು ಇವನಿಗೂ ಇಷ್ಟು ಅವಸರವೇ? ಅವನು ಕಚೇರಿಯ ಕಡೆ ನಡೆದ; ನಡೆಯುತ್ತಲೇ ಒಂದು ಅಪರಾಧವನ್ನು ನಿಶ್ಚಯಿಸಿದ.

ಚೀಟಿಯ ವಿಷಯದಲ್ಲಿ ಆ ಕಚೇರಿಗೆ ತನ್ನದೇ ಪದ್ಧತಿಯಿತ್ತು. ಹಿಂದೊಮ್ಮೆ ಸಾಹೇಬರೊಬ್ಬರು ಏಳು ಚೀಟಿಯಲ್ಲೂ ತಮಗಾಗದವನ ಹೆಸರನ್ನೇ ಬರೆದಿದ್ದರೆಂಬ ದೂರು ಬಂದ ಮೇಲೆ, ಪ್ರತಿಯೊಬ್ಬನೂ ತನ್ನ ಹೆಸರನ್ನು ತಾನೇ ಬರೆದು, ನಾಲ್ಕು ಮಡಿಕೆ ಮಡಿಸಿ, ಮಧ್ಯಾಹ್ನದೊಳಗೆ ಸಾಹೇಬರ ಕೋಣೆಯ ಸಣ್ಣ ಕತ್ತಿನ ಹಳೆಯ ತಾಮ್ರದ ಮಳೆಮಾಪಕದಲ್ಲಿ ಹಾಕಬೇಕೆಂದಾಯಿತು. ನಾಲ್ಕು ಗಂಟೆಗೆ ಸಾಹೇಬರು ಕದ ಮುಚ್ಚಿ, ಪಾತ್ರೆ ಬೋರಲು ಹಾಕಿ ಅಲುಗಿಸಿ, ಬಿದ್ದ ಚೀಟಿ ನೋಡಿ, ಹೊರಬಂದು ಹೆಸರು ಓದುವರು. ಹೆಸರು ಬಂದವನು ಅದೇ ಸಂಜೆ ದೋಣಿ ಹತ್ತಬೇಕು.

ಚೀಟಿಯಪ್ಪ ಹನ್ನೊಂದೂವರೆಗೆ ತನ್ನ ಚೀಟಿಯನ್ನು ಹಾಕಿದ. ಅದರಲ್ಲಿ ಏನನ್ನೂ ಬರೆದಿರಲಿಲ್ಲ.

ಮೊದಲ ಐದು ನಿಮಿಷ ಅವನಿಗೆ ತೋಟದ ಜ್ಞಾನಿಯ ಪಕ್ಕದಲ್ಲೇ ಕುಳಿತಷ್ಟು ಸುಖವೆನಿಸಿತು. ಆರನೆಯ ನಿಮಿಷಕ್ಕೆ ಅದೇ ಪುಸ್ತಕದ ಇನ್ನೊಂದು ಪುಟ ನೆನಪಾಯಿತು. ಮೋಸ ಮಾಡಿದವನು ಸಿಕ್ಕಿಬೀಳದಿದ್ದರೂ ಸಿಕ್ಕಿಬೀಳುವೆನೆಂಬ ಅಂಜಿಕೆಯಿಂದ ಸಾಯುವವರೆಗೂ ಪಾರಾಗಲಾರ, ಮನಸ್ಸಿಗೆ ನೆಮ್ಮದಿಯಿಲ್ಲದವನಿಗೆ ಸುಖ ಎಲ್ಲಿಯದು ಎಂದು ಅಲ್ಲಿತ್ತು. ಖಾಲಿ ಚೀಟಿಯೇ ಬಿದ್ದರೆ? ಉಳಿದ ಆರನ್ನೂ ಬಿಚ್ಚುತ್ತಾರೆ. ಆರು ಹೆಸರಿರುತ್ತವೆ, ಇಲ್ಲದ್ದು ಅವನೊಬ್ಬನದೇ!

"ಯಾಕ್ರೀ, ಮುಖ ಒಗೆದು ಹಾಕಿದ ಕರವಸ್ತ್ರದ ಹಾಗಿದೆ?" ಎಂದರು ಏಳು ಗುಮಾಸ್ತರಲ್ಲಿ ಒಬ್ಬರಾದ ಟೈಪಿಸ್ಟಮ್ಮ.

"ಬಿಡ್ರೀ ಅಮ್ಮಾ, ಪಾಪ, ಗಂಟು ಕಟ್ಟೋ ಯೋಚನೆ!" ಎಂದ ಪಕ್ಕದ ಮೇಜಿನವನು. ಇವನು ಗುಟ್ಟು ಹೇಳಿದರೆ ಎದುರು ದಂಡೆಗೆ ಕೇಳಿಸುತ್ತಿದ್ದುದರಿಂದ ಇವನನ್ನು ಗಂಟಲು ಎನ್ನುತ್ತಿದ್ದರು. "ಹೋಗಿ ಬಾರಯ್ಯಾ! ಒಂದು ವರ್ಷ ಏನು ಮಹಾ! ನದಿ ಗಾಳಿ, ಏಕಾಂತ! ನನಗೆ ಸಿಗಬಾರದಿತ್ತೇ ಅಂತ ಎಷ್ಟು ಸಲ ಅಂದ್ಕೊಂಡಿದ್ದೀನಿ!"

ಮೂರೂವರೆಗೆ ಚೀಟಿಯಪ್ಪ ಎರಡನೆಯ ಆಯ್ಕೆ ಮಾಡಿದ. ಹೋಗುವುದಾದರೆ ಹೋಗುತ್ತೇನೆ, ಕಳ್ಳನಾಗಿ ಇಲ್ಲಿರಲಾರೆ. ಚೀಟಿ ತೆಗೆದು ಹೆಸರು ಬರೆದುಬಿಡುತ್ತೇನೆ. ಸಾಹೇಬರು ಮುಖ ತೊಳೆಯಲು ಹೋದ ಸಮಯ ನೋಡಿ ಒಳಗೆ ನುಗ್ಗಿ ಮಳೆಮಾಪಕಕ್ಕೆ ಕೈ ಹಾಕಿದ. ತನ್ನ ಚೀಟಿ ಯಾವುದೆಂದು ಕೈಗೆ ತಿಳಿಯುವುದು ಹೇಗೆ? ಏಳನ್ನೂ ಬಾಚಿ ಹಿಡಿದ. ತೆರೆದ ಕೈ ಒಳಗೆ ಹೋಗಿದ್ದ ಕತ್ತಿನಲ್ಲಿ ಮುಷ್ಟಿ ಹೊರಗೆ ಬರಲಿಲ್ಲ.

ಎಳೆದ, ತಿರುಗಿಸಿದ, ಮೊಣಕಾಲ ನಡುವೆ ಇರುಕಿಸಿ ಮತ್ತೆ ಎಳೆದ. ಪಾತ್ರೆ ಮೇಜಿಗೆ ಬಡಿದು ಜಾಗಟೆಯಂತೆ ಮೊಳಗಿತು.

"ಅಯ್ಯೋ, ಇವರ ಕೈಗೆ ಪಾತ್ರೆ ಬೆಳೆದಿದೆ!" ಎಂದು ಟೈಪಿಸ್ಟಮ್ಮ ಬಾಗಿಲಲ್ಲಿ ಕೂಗಿದರು.

"ಚೀಟಿ ಕಳ್ಳ! ಹಿಡೀರಿ!" ಎಂದ ಗಂಟಲು.

ಇಬ್ಬರು ಪಾತ್ರೆ ಹಿಡಿದರು, ಮೂವರು ಚೀಟಿಯಪ್ಪನನ್ನು ಹಿಡಿದರು. ಎರಡು ಕಡೆಯವರೂ ಶಕ್ತಿಮೀರಿ ಎಳೆದರು. ಒದ್ದೆ ಮುಖದಲ್ಲಿ ಓಡಿ ಬಂದ ಸಾಹೇಬರು, "ಮುಷ್ಟಿ ಬಿಡ್ರೀ! ಮೊದಲು ಮುಷ್ಟಿ ಬಿಡಿ!" ಎಂದು ಚೀರಿದ ಮೇಲೆ ಅವನಿಗೆ ಹೊಳೆಯಿತು. ಮುಷ್ಟಿ ಬಿಟ್ಟ. ಪಾತ್ರೆ ಒಂದು ಕಡೆ ಬಿತ್ತು, ಅವನು ಇನ್ನೊಂದು ಕಡೆ ಬಿದ್ದ. ಚೀಟಿಗಳು ನೆಲದ ತುಂಬ ಚೆಲ್ಲಿದವು.

"ನಂದು ಖಾಲಿ ಸಾರ್!" ಎಂದು ಚೀಟಿಯಪ್ಪ ನೆಲದಿಂದಲೇ ಅತ್ತುಕೊಂಡು ಒಪ್ಪಿಕೊಂಡ. "ಹೆಸರು ಬರೆಯೋಣ ಅಂತ ಬಂದೆ!"

"ನೋಡಿದ್ರಾ ಮೋಸಗಾರನ್ನ!" ಎಂದು ಗಂಟಲು ಒಂದು ಚೀಟಿ ಎತ್ತಿ ಬಿಚ್ಚಿದ. ಖಾಲಿ. "ಇದೇ ಇವನದು!" ಸಾಹೇಬರು ಇನ್ನೊಂದು ಬಿಚ್ಚಿದರು. ಅದೂ ಖಾಲಿ. ಮೂರನೆಯದು, ನಾಲ್ಕನೆಯದು, ಐದನೆಯದು, ಆರನೆಯದು, ಏಳನೆಯದು. ನದಿಯನ್ನು ಕೂದಲೆಳೆಯಷ್ಟೂ ತಪ್ಪದೆ ಅಳೆಯುವ ಏಳು ಜನರ ಏಳು ಚೀಟಿಯಲ್ಲಿ ಒಂದಕ್ಷರವಿರಲಿಲ್ಲ.

ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು.

"ನನ್ನ ಪೆನ್ನಲ್ಲಿ ಶಾಯಿ ಮುಗಿದಿತ್ತು," ಎಂದರು ಟೈಪಿಸ್ಟಮ್ಮ.

"ನಾನು ತೆಳ್ಳಗೆ ಬರೆದಿದ್ದೆ," ಎಂದ ಗಂಟಲು. ಅವನ ದನಿ ಅಷ್ಟು ಸಣ್ಣದಾಗಿ ಯಾರೂ ಎಂದೂ ಕೇಳಿರಲಿಲ್ಲ.

ಚೀಟಿಯಪ್ಪ ಮೆಲ್ಲನೆ ಎದ್ದು ಕುಳಿತ. "ಹಾಗಾದ್ರೆ ಹಿಂದಿನ ಸಲಗಳಲ್ಲಿ, ಸಾರ್?"

ಸಾಹೇಬರು ಮುಖ ಒರೆಸಿಕೊಂಡರು. "ಖಾಲಿ ಬಿದ್ದರೆ ಇನ್ನೊಂದು ಸಲ ಅಲುಗಿಸ್ತಿದ್ದೆ. ಹೆಸರಿಲ್ಲದ ಚೀಟೀನ ಎಲ್ಲಿಗ್ರೀ ಕಳಿಸೋದು? ಹೆಸರಿದ್ದದ್ದು ಒಂದೇ ಇರ್ತಿತ್ತು. ನೀವೂ ಗೊಣಗದೆ ಹೋಗ್ತಿದ್ರಿ. ಕೆಲಸ ನಡೀತಿತ್ತು."

ಹಣೆಬರಹವೆಂದು ತಾನು ಹನ್ನೆರಡು ವರ್ಷ ನಂಬಿದ್ದು ಈ ಆರು ಜನರ ಆಯ್ಕೆಯೆಂದು ತಿಳಿದಾಗ ಚೀಟಿಯಪ್ಪನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ದಣಿವು. ಗಡಿಯಾರದ ಗೆಳೆಯ ಸತ್ತಾಗ ತಾನು ಇಲ್ಲೇ ಇರಬಹುದಾಗಿತ್ತೆಂಬ ಒಂದೇ ಯೋಚನೆ. ಅವನು ಕಾಗದ ತಂದು ಮೇಜಿನ ಮೇಲಿಟ್ಟ.

"ಎಲ್ಲರೂ ಬರೀರಿ. ನನ್ನ ಕಣ್ಣೆದುರಿಗೆ."

ಬರೆದರು. ಮಡಿಸಿದರು. ಎಲ್ಲರ ಮುಂದೆಯೇ ಸಾಹೇಬರು ಪಾತ್ರೆ ಬೋರಲು ಹಾಕಿ ಅಲುಗಿಸಿದರು. ಆ ಕಚೇರಿಯಲ್ಲಿ ಮೊಟ್ಟಮೊದಲ ಬಾರಿಗೆ ಆಕಸ್ಮಿಕವು ಕೆಲಸಕ್ಕೆ ಹಾಜರಾಗಿ ಗಂಟಲಿನ ಹೆಸರನ್ನು ಉದುರಿಸಿತು.

ಗಂಟಲು ಹಾಕಿದ ಕೂಗು ಮುಗಿಯುವ ಮುನ್ನ ಚೀಟಿಯಪ್ಪ ಬೀದಿಯಲ್ಲಿದ್ದ. ಐವತ್ತೆರಡನೆಯ ವಯಸ್ಸಿನಲ್ಲಿ ಅವನು ಓಡಿದ. ಒಂದಿಡೀ ವರ್ಷ! ಮುನ್ನೂರ ಅರವತ್ತೈದು ಸಂಜೆ! ರಟ್ಟಣ್ಣನ ಅಂಗಡಿ ತಲುಪಿದರೆ ಅಲ್ಲಿ ಯಾರೋ ಅಪರಿಚಿತನೊಬ್ಬ ಶೂ ಡಬ್ಬಿಗಳನ್ನು ಜೋಡಿಸುತ್ತಿದ್ದ.

"ಅವರು ದೋಣಿಗಟ್ಟೆಗೆ ಹೋದ್ರು. ಅಂಗಡಿ ನಾನು ತಗೊಂಡಿದ್ದೀನಿ, ಒಂದು ವರ್ಷಕ್ಕೆ."

ಕೊನೆಯ ಮಾತು ಚೀಟಿಯಪ್ಪನ ಕಿವಿಗೆ ಬೀಳಲಿಲ್ಲ. ತನ್ನನ್ನು ಬೀಳ್ಕೊಡಲು ಗೆಳೆಯ ದೋಣಿಗಟ್ಟೆಗೆ ಹೋಗಿದ್ದಾನೆಂದು ಕಣ್ಣು ತುಂಬಿ ಬಂತು. ಬೆಳಗಿನ ಕೋಪ ಕರಗಿತು. ದೋಣಿಗಟ್ಟೆಯಲ್ಲಿ ರಟ್ಟಣ್ಣ ಹೊಸ ಶರ್ಟು ತೊಟ್ಟು, ತೊಡೆಯ ಮೇಲೆ ಒಂದು ಚೀಲವಿಟ್ಟುಕೊಂಡು, ಅಕ್ಕ ಕಳಿಸಿದ್ದ ಟ್ರಂಕಿನ ಮೇಲೆ ಕುಳಿತಿದ್ದ.

"ರಟ್ಟಣ್ಣಾ! ನಂದು ಬರ್ಲಿಲ್ಲ ಕಣೋ! ನಾನು ಹೋಗಲ್ಲ!"

ರಟ್ಟಣ್ಣ ಚೀಲವನ್ನು ತೊಡೆಯಿಂದ ಕೆಳಗಿಟ್ಟ.

"ತಮಾಷೆ ಮಾಡ್ಬೇಡ್ವೋ."

"ನಿಜವಾಗ್ಲೂ!"

"ಅಯ್ಯೋ, ನಿನ್ನ ಮನೆ ಹಾಳಾಗ," ಎಂದ ರಟ್ಟಣ್ಣ ಮೆತ್ತಗೆ. "ಆ ಠಾಣೆಯಲ್ಲಿ ಅಡುಗೆಯವನ ಜಾಗ ವರ್ಷಗಟ್ಟಲೆ ಖಾಲಿ ಬಿದ್ದಿತ್ತಲ್ಲ. ಕಳೆದ ವಾರ ದೊಡ್ಡ ಕಚೇರಿಗೆ ಹೋಗಿ ಕರಾರಿಗೆ ರುಜು ಹಾಕಿ ಬಂದೆ. ಒಂದು ವರ್ಷ ಬಿಡೋ ಹಾಗಿಲ್ಲ. ನಿನ್ನ ಬಿಟ್ಟು ಇನ್ನೊಂದು ವರ್ಷ ಒಬ್ಬನೇ ಕೂರೋಕೆ ನನ್ನ ಕೈಲಿ ಆಗಲ್ಲ ಅನ್ನಿಸ್ತು. ನಿನಗೆ ಇಲ್ಲೇ ಹೇಳಿಬಿಟ್ಟರೆ ಮಜಾ ಇರಲ್ಲ, ದೋಣೀಲೇ ಹೇಳೋಣ ಅಂತ..." ಅವನು ಕೂತಿದ್ದ ಟ್ರಂಕನ್ನು ತಟ್ಟಿದ. "ಈ ಲೋಕದಲ್ಲಿ ನಾನು ಕಣ್ಣುಮುಚ್ಚಿ ನಂಬಿದ್ದು ಒಂದೇ ಕಣೋ, ನಿನ್ನ ಚೀಟಿ ಬಂದೇ ಬರುತ್ತೆ ಅನ್ನೋದು."

ಅಷ್ಟರಲ್ಲಿ ಗಂಟಲು ಬಂದ, ಹಿಂದೆ ಸಾಹೇಬರು. ಚೀಟಿಯಪ್ಪ ಗಂಟಲಿನ ಎರಡೂ ಕೈ ಹಿಡಿದುಕೊಂಡ.

"ನಿನ್ನ ಬದಲು ನಾನು ಹೋಗ್ತೀನಿ. ಸಂತೋಷವಾಗಿ ಹೋಗ್ತೀನಿ. ನೀನು ಮನೇಲಿರು."

ಗಂಟಲಿನ ಕಣ್ಣಲ್ಲಿ ಆಸೆ ಮಿಂಚಿತು. ಆದರೆ ಅವನು ಹನ್ನೆರಡು ವರ್ಷ ಮೋಸ ಮಾಡಿದವನು. ಇನ್ನೊಬ್ಬರ ಸಂತೋಷವನ್ನು ಪರೀಕ್ಷೆ ಮಾಡದೆ ಒಪ್ಪುವವನಲ್ಲ. ರಟ್ಟಣ್ಣನ ಕಡೆ ತಿರುಗಿದ.

"ಯಾರು ಇವರು?"

"ಅಡುಗೆಯವನು," ಎಂದ ರಟ್ಟಣ್ಣ.

"ಠಾಣೆಗೆ ಅಡುಗೆಯವರಾ! ಇಸ್ಪೀಟು ಆಡ್ತೀರಾ?"

"ಆಡ್ತೀನಿ," ಎಂದ ಸುಳ್ಳು ಹೇಳಲು ಬಾರದ ರಟ್ಟಣ್ಣ.

"ಓಹೋ!" ಎಂದು ಗಂಟಲು ಚೀಟಿಯಪ್ಪನತ್ತ ಬೆರಳು ಆಡಿಸಿದ. "ಬಿಸಿ ಊಟ, ಮಾತಿಗೆ ಜನ, ಕೈಗೆ ಇಸ್ಪೀಟು! ಅದಕ್ಕೇ ಬದಲಾಯಿಸೋಕೆ ಓಡಿ ಬಂದ್ಯಾ? ಬೆಳಿಗ್ಗೆಯಿಂದ ನಿನ್ನ ಲೆಕ್ಕಾಚಾರ ನೋಡ್ತಾನೇ ಇದ್ದೀನಿ. ಇಲ್ಲಪ್ಪ, ನಾನೇ ಹೋಗ್ತೀನಿ!"

"ಸಾರ್, ನೀವಾದ್ರೂ ಹೇಳಿ," ಎಂದ ಚೀಟಿಯಪ್ಪ.

"ನಮ್ಮ ಕಚೇರೀಲಿ ಒಂದು ಸಲವಾದ್ರೂ ನ್ಯಾಯವಾಗಿ ನಡೆದಿದೆ, ಅದನ್ನೂ ಕೆಡಿಸಬೇಡಿ," ಎಂದರು ಸಾಹೇಬರು.

ಗಂಟಲು ಬರಿಗೈಯಲ್ಲಿ ಬಂದಿದ್ದುದರಿಂದ, ತುಂಬಿಸಿಟ್ಟಿದ್ದ ಆ ಟ್ರಂಕನ್ನೂ ಹಾಸಿಗೆಯನ್ನೂ ಕೇಳದೆಯೇ ದೋಣಿಗೆ ಏರಿಸಿದ. ರಟ್ಟಣ್ಣ ಹತ್ತುವಾಗ ಒಮ್ಮೆ ನಿಂತು ಉಸಿರು ತೆಗೆದುಕೊಂಡ. ಚೀಟಿಯಪ್ಪ ಅವನ ತೋಳು ಹಿಡಿದು ಹತ್ತಿಸಿದ.

"ಪತ್ರ ಬರಿ," ಎಂದ ರಟ್ಟಣ್ಣ.

"ಹನ್ನೊಂದು ದಿನ ಆಗುತ್ತೆ ಕಣೋ," ಎಂದ ಚೀಟಿಯಪ್ಪ.

ದೋಣಿ ನದಿಯ ನಡುವಿಗೆ ಸರಿಯಿತು. ಹಿಂದೆ ತಿರುಗಿ ಕೂತ ರಟ್ಟಣ್ಣ ಹೊಸಬರಿಗೆ ಮೊದಲು ಹೇಳುವ ಆ ಒಂದೇ ಕತೆಯನ್ನು ಶುರುಮಾಡಿರಬೇಕು. ಅದನ್ನು ಚೀಟಿಯಪ್ಪ ನೂರು ಬಾರಿ ಕೇಳಿದ್ದ. ನಗು ಬರುವ ಜಾಗ ಅವನಿಗೆ ಕಂಠಪಾಠ. ಮನಸ್ಸಿನಲ್ಲೇ ಕತೆಯ ಜೊತೆಗೆ ಸಾಗಿ ಆ ಜಾಗ ಬಂತೆಂದುಕೊಂಡಾಗ, ಸರಿಯಾಗಿ ಆ ಗಳಿಗೆಗೆ, ಗಂಟಲಿನ ನಗೆ ನೀರಿನ ಮೇಲಿಂದ ಎರಡೂ ದಂಡೆಗೆ ಕೇಳುವಂತೆ ಬಂದು ಬಡಿಯಿತು.

ವಾಚಕ ಮಹಾಶಯರೇ, ದಂಡೆಯ ಮೇಲೆ ನಿಂತವನಿಗೆ ಹೇಳುವ ಸಮಾಧಾನವೇನಾದರೂ ಇದ್ದರೆ ತಾವೇ ಹೇಳಿರಿ; ನನಗೆ ತಿಳಿಯದು. ಊರೂರು ತಿರುಗುವ ಕತೆಗಾರ ನಾನು; ಹಾಳೆ ಮಡಿಸಿ ಚೀಲಕ್ಕೆ ಹಾಕಿದ್ದೇನೆ, ಚಪ್ಪಲಿಯ ಪಟ್ಟಿ ಬಿಗಿದಿದ್ದೇನೆ. ಮುಂದಿನ ಕವಲಿನಲ್ಲಿ ಎಡಕ್ಕೋ ಬಲಕ್ಕೋ ಎಂದು ಇನ್ನೂ ಗೊತ್ತುಮಾಡಿಲ್ಲ. ಹೊರಟೆ.