ಬದುಕಿರುವುದಕ್ಕೆ ಇಬ್ಬರ ಸಹಿ

ಮೂರು ವಾರದಿಂದ 'ರೆಕ್ಕೆ-ಗೂಡು' ಬಂದಿರಲಿಲ್ಲ. ಪಂದ್ಯದ ಪಾರಿವಾಳ ಸಾಕುವವರ ಈ ವಾರಪತ್ರಿಕೆಗೆ ವಿಲ್ಫ್ ಸಗ್ಡನ್ ಇಪ್ಪತ್ತೆರಡು ವರ್ಷದಿಂದ ಚಂದಾದಾರ. ಮೊದಲ ವಾರ ಅವನು ಅಂಚೆಯವನನ್ನು ಅನುಮಾನಿಸಿದ. ಎರಡನೆಯ ವಾರ ಅಂಚೆಯವನ ಹೆಂಡತಿಯನ್ನೂ ಪಟ್ಟಿಗೆ ಸೇರಿಸಿದ. ಮೂರನೆಯ ವಾರದ ಹೊತ್ತಿಗೆ ಸ್ಪ್ರಿಂಗ್ ಟೆರೇಸಿನ ಹದಿನಾಲ್ಕು ಮನೆಗಳಲ್ಲಿ ಅವನ ಅನುಮಾನಕ್ಕೆ ಸಿಗದೆ ಉಳಿದದ್ದು ಎರಡೇ. ಒಂದು ಖಾಲಿ ಬಿದ್ದಿತ್ತು, ಇನ್ನೊಂದು ಅವನದೇ.

ಬರೀ ಪತ್ರಿಕೆಯಾಗಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದನೋ ಏನೋ. ಪತ್ರಿಕೆಯವರು ವರ್ಷಕ್ಕೊಮ್ಮೆ ಒಂದು ಕಪ್ ಇಟ್ಟು ಪಂದ್ಯ ನಡೆಸುತ್ತಾರೆ. ಹಕ್ಕಿಗಳನ್ನು ಲಾರಿಯಲ್ಲಿ ಫ್ರಾನ್ಸಿಗೆ ಒಯ್ದು ಅಲ್ಲಿಂದ ಹಾರಿಬಿಡುವುದು, ಮೊದಲು ಮನೆ ಸೇರಿದ್ದು ಗೆದ್ದಂತೆ. ಹಕ್ಕಿಯ ಕಾಲಿಗೆ ಪತ್ರಿಕೆಯವರು ಕಳಿಸಿದ ರಬ್ಬರ್ ಉಂಗುರ ಇರಲೇಬೇಕು, ಅದು ಚಂದಾದಾರರಿಗೆ ಮಾತ್ರ. ಈ ಸಲದ ಉಂಗುರ ಬರಬೇಕಿದ್ದದ್ದು ಆ ಬಾರದ ಸಂಚಿಕೆಗಳ ಜೊತೆಗೇ. ಲಾರಿ ಹೊರಡುವುದು ಇವತ್ತು, ಶುಕ್ರವಾರ ಸಂಜೆ ಏಳಕ್ಕೆ. ವಿಲ್ಫ್‌ನ ನೀಲಿ ಹೆಣ್ಣುಹಕ್ಕಿ ಡಚೆಸ್ ಎರಡು ಸಲ ಎರಡನೆಯದಾಗಿ ಬಂದಿದ್ದಳು. ಅವಳಿಗೀಗ ಏಳು ವರ್ಷ. ಮುಂದಿನ ಬೇಸಿಗೆಗೆ ಸಮುದ್ರ ದಾಟುವ ಕಸುವು ಅವಳಲ್ಲಿ ಉಳಿದಿರುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಆ ಎರಡು ಸಲವೂ ಕಪ್ ಗೆದ್ದವನು ಪಕ್ಕದ ಮನೆಯ ಸಿರಿಲ್ ಹಾಲ್ರಾಯ್ಡ್. ಬೆಳಿಗ್ಗೆ ಎಂಟಕ್ಕೆ ವಿಲ್ಫ್ ಪರದೆಯ ಸಂದಿಯಿಂದ ಹಣಕಿದರೆ, ಸಿರಿಲ್ ಹಿತ್ತಲಿನ ಮೆಟ್ಟಿಲ ಮೇಲೆ ಚಹಾ ಹೀರುತ್ತ 'ರೆಕ್ಕೆ-ಗೂಡು' ಓದುತ್ತಿದ್ದ. ಓದಿಕೊಳ್ಳಲಿ, ಆದರೆ ಓದಿ ನಗುತ್ತಿದ್ದ. ಆ ಪತ್ರಿಕೆಯಲ್ಲಿ ನಗುವಂಥದ್ದು ಏನೂ ಇರುವುದಿಲ್ಲ.

"ಅವನು ಓದ್ತಿರೋದು ನನ್ನ ಪ್ರತಿ," ಎಂದ ಹೆಂಡತಿಗೆ.

ಎಡ್ನಾ ಮೊಟ್ಟೆ ಹುರಿಯುತ್ತಿದ್ದವಳು ತಿರುಗಿಯೂ ನೋಡಲಿಲ್ಲ. ಸಿರಿಲ್‌ಗೆ ಅವನದೇ ಪ್ರತಿ ಬರುತ್ತದೆ, ಊರವರ ಮೇಲೆ ಗೂಬೆ ಕೂರಿಸುವ ಬದಲು ಪತ್ರಿಕೆಯ ಕಚೇರಿಗೇ ಕೇಳು ಎಂದಳು. ಅವನು ಕೇಳದೆ ಬಿಟ್ಟಿರಲಿಲ್ಲ. ಒಂಬತ್ತು ಸಲ ಫೋನ್ ಮಾಡಿದಾಗಲೂ ಯಾರೂ ಎತ್ತಿರಲಿಲ್ಲ. ಎರಡು ಕಾಗದ ಬರೆದಿದ್ದ. ಅದಕ್ಕೆ ಉತ್ತರವಾಗಿ, ಅದೇ ಪ್ರಕಾಶಕರು ಹಳೆಯ ಟ್ರ್ಯಾಕ್ಟರುಗಳ ಬಗ್ಗೆ ತರುವ ಇನ್ನೊಂದು ಪತ್ರಿಕೆಗೆ ಚಂದಾದಾರರಾಗಿ ಎಂಬ ಚೀಟಿ ಬಂದಿತ್ತು. ಅದೂ ಎಡ್ನಾಳ ಹೆಸರಿಗೆ. ಅದಾದ ಮೇಲೆ ಎರಡು ದಿನ ಅವನು ಎಡ್ನಾಳನ್ನೂ ಒಂಥರಾ ನೋಡಿದ್ದ.

ಆ ಬೆಳಿಗ್ಗೆ ಹತ್ತನೆಯ ಸಲ ಮಾಡಿ, ಮುಕ್ಕಾಲು ಗಂಟೆ ಕಾದ ಮೇಲೆ, ಒಬ್ಬ ಹುಡುಗಿ ಫೋನ್ ಎತ್ತಿದಳು. ಹೆಸರು ಶಾರನ್ ಎಂದಳು. ವಿಲ್ಫ್ ತನ್ನ ಹೆಸರು, ವಿಳಾಸ, ಚಂದಾ ಸಂಖ್ಯೆ ಹೇಳಿದ. ಹುಡುಗಿಯ ದನಿ ತಟ್ಟನೆ ಮೆತ್ತಗಾಯಿತು.

"ನೀವು ಅವರಿಗೆ ಏನಾಗಬೇಕು, ಸರ್?"

"ಯಾರಿಗೆ?"

"ತೀರಿಕೊಂಡ ಸಗ್ಡನ್ ಅವರಿಗೆ."

"ನಾನೇ ಕಣಮ್ಮ ಸಗ್ಡನ್. ಸತ್ತಿಲ್ಲ. ಈಗ ತಾನೇ ಎರಡು ಮೊಟ್ಟೆ ತಿಂದೆ."

"ನಮ್ಮಲ್ಲಿ ಸತ್ತಿದ್ದಾರೆ ಅಂತಲೇ ಇದೆ, ಸರ್. ಕಾಗದ ಬಂದಿದೆ."

"ಯಾರು ಬರೆದದ್ದು?"

"ಅದನ್ನ ಚಂದಾದಾರರಿಗೆ ಬಿಟ್ಟು ಬೇರೆ ಯಾರಿಗೂ ಹೇಳೋ ಹಾಗಿಲ್ಲ."

"ಚಂದಾದಾರ ನಾನೇ."

"ಅವರು ತೀರಿಕೊಂಡಿದ್ದಾರಲ್ಲ, ಸರ್," ಎಂದಳು ಶಾರನ್, ಮಗುವಿಗೆ ತಿಳಿಹೇಳುವಂತೆ.

ಹೀಗೆ ಇಬ್ಬರೂ ಗಾಣ ಸುತ್ತಿ ಸುತ್ತಿ ಸುಸ್ತಾದ ಮೇಲೆ ಅವಳು ಮೇಲಿನವರನ್ನು ಕೇಳಿಕೊಂಡು ಬಂದು ಒಂದು ದಾರಿ ಹೇಳಿದಳು. ಮೃತರು ಬದುಕಿದ್ದಾರೆ ಎಂದು ಇಬ್ಬರು ಚಂದಾದಾರರು ಬರೆದು ಸಹಿ ಮಾಡಿ ಮಧ್ಯಾಹ್ನ ಮೂರರೊಳಗೆ ಫ್ಯಾಕ್ಸ್ ಮಾಡಿದರೆ ಕಚೇರಿ ಪರಿಶೀಲಿಸುತ್ತದೆ. ಕೊನೆಯಲ್ಲಿ, ಕುಟುಂಬದ ದುಃಖದಲ್ಲಿ ತಾವೂ ಭಾಗಿ ಎಂದು ಹೇಳುವುದನ್ನು ಅವಳು ಮರೆಯಲಿಲ್ಲ.

ವಿಲ್ಫ್‌ನ ಪಿತ್ತ ನೆತ್ತಿಗೇರಿತು. ಯಾವನೋ ಕೂತು ಕಾಗದ ಬರೆದಿದ್ದಾನೆ. ತಾನು ಸತ್ತರೆ ಯಾರಿಗೆ ಲಾಭ? ಡಚೆಸ್ ಹಾರದಿದ್ದರೆ ಯಾರು ಗೆಲ್ಲುತ್ತಾರೆ? ಪಟ್ಟಿಯಲ್ಲಿದ್ದ ಹನ್ನೆರಡು ಮನೆಗಳಲ್ಲಿ ಹನ್ನೊಂದನ್ನು ಅವನು ಒಂದೇ ಏಟಿಗೆ ಹೊಡೆದುಹಾಕಿ ಒಂದನ್ನು ಉಳಿಸಿಕೊಂಡ. ಸೀದಾ ಹಿತ್ತಲಿಗೆ ಹೋಗಿ ಗೋಡೆಯ ಮೇಲೆ ಗಲ್ಲವಿಟ್ಟ.

"ನನ್ನನ್ನ ಸಾಯಿಸಿದ್ದು ನೀನೇ ತಾನೇ, ಸಿರಿಲ್?"

ಸಿರಿಲ್ ಪತ್ರಿಕೆ ಮಡಿಚಿದ. "ಯಾವಾಗ?" ಎಂದು ಕೇಳಿದ.

ವಿಷಯವೆಲ್ಲ ಕೇಳಿದ ಮೇಲೆ ಅವನು ನಗಲಿಲ್ಲ, ಕೆರಳಿದ. ಮೂವತ್ತು ವರ್ಷ ಒಂದೇ ಗೋಡೆ ಹಂಚಿಕೊಂಡವನ ಮೇಲೆ ಇಂಥ ಮಾತೇ ಎಂದ. ನಿನ್ನ ಹಕ್ಕಿಯನ್ನು ಸೋಲಿಸೋಕೆ ನಿನ್ನನ್ನು ಸಾಯಿಸಬೇಕಾ, ಜೀವಂತವಾಗಿದ್ದಾಗಲೇ ಎರಡು ಸಲ ಸೋಲಿಸಿಲ್ಲವಾ ಎಂದ. ವಿಲ್ಫ್‌ಗೆ ಅವನ ಸಿಟ್ಟೇ ಸಾಕ್ಷಿಯಾಗಿ ಕಂಡಿತು. ಆದರೆ ಒಂದು ಸಂಕಟವಿತ್ತು. ಊರಿನ ಪಾರಿವಾಳ ಕ್ಲಬ್ಬಿನಲ್ಲಿ 'ರೆಕ್ಕೆ-ಗೂಡಿ'ನ ಚಂದಾದಾರರು ತನ್ನನ್ನು ಬಿಟ್ಟರೆ ಇಬ್ಬರೇ, ಉಳಿದವರು ಅದೇ ಲಾರಿಯಲ್ಲಿ ಹಕ್ಕಿ ಕಳಿಸುವುದು ಕ್ಲಬ್ಬಿನ ಪಂದ್ಯಕ್ಕೆ ಮಾತ್ರ. ಒಬ್ಬ ಕಾರ್ಯದರ್ಶಿ ಹ್ಯಾರಿ ಮಿಜ್ಲಿ. ಇನ್ನೊಬ್ಬ ಈಗ ಗೋಡೆಯಾಚೆ ಮೂಗಿನ ಹೊಳ್ಳೆ ಅರಳಿಸಿಕೊಂಡು ನಿಂತಿದ್ದವನೇ.

"ನನ್ನ ಮೇಲಿನ ಕಳಂಕ ಹೋಗೋವರೆಗೂ ನೀನು ಬದುಕಿದೀಯ ಅಂತ ನಾನು ಬರೆದುಕೊಡಲ್ಲ," ಎಂದ ಸಿರಿಲ್. "ನಡಿ, ಕ್ಲಬ್ಬಲ್ಲೇ ಇತ್ಯರ್ಥ ಆಗಲಿ."

ಕ್ಲಬ್ಬೆಂದರೆ ಪ್ರಾರ್ಥನಾ ಮಂದಿರದ ಹಿಂದಿನ ತಗಡಿನ ಶೆಡ್ಡು. ಹತ್ತು ಹನ್ನೆರಡು ಜನ ಸಂಜೆಯ ಲಾರಿಗೆ ಬುಟ್ಟಿಗಳನ್ನು ತಿಕ್ಕಿ ತೊಳೆಯುತ್ತಿದ್ದರು. ಹ್ಯಾರಿ ಮಿಜ್ಲಿ ಬಸ್ ಕಂಪನಿಯಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತನಾದವನು. ನಿಯಮ ಪುಸ್ತಕದಲ್ಲಿ ಇಲ್ಲದ ಸಂಗತಿ ಲೋಕದಲ್ಲೂ ಇಲ್ಲ ಎಂದು ನಂಬಿದವನು. ವಿಲ್ಫ್ ಒಂದು ಬುಟ್ಟಿಯ ಮೇಲೆ ಹತ್ತಿ ನಿಂತು ತನ್ನ ಸಾವಿನ ಸುದ್ದಿ ಹೇಳಿದ. ಮೊದಲು ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರೇ ನಗು ನಿಲ್ಲಿಸಿದರು. ಒಬ್ಬನಿಗೆ ಹೋದ ತಿಂಗಳು ಕಾಳಿನ ಚೀಲ ಕಾಣೆಯಾದದ್ದು ನೆನಪಾಯಿತು. ಇನ್ನೊಬ್ಬನಿಗೆ, ಹಕ್ಕಿ ಮನೆ ಸೇರಿದ ಹೊತ್ತು ಗುರುತಿಸುವ ತನ್ನ ಗಡಿಯಾರವನ್ನು ಯಾರೋ ಎರಡು ನಿಮಿಷ ತಿರುಗಿಸಿಟ್ಟ ಗುಮಾನಿ ಬಂತು. ಐದು ನಿಮಿಷದಲ್ಲಿ ಶೆಡ್ಡಿನೊಳಗೆ ಯಾರೂ ಯಾರಿಗೂ ಬೆನ್ನು ಕೊಟ್ಟು ನಿಲ್ಲದಂತಾಯಿತು.

ಇದೇ ಸಮಯವೆಂದು ವಿಲ್ಫ್ ಗೊತ್ತುವಳಿ ಮಂಡಿಸಿದ. ಆ ಕಾಗದ ಬರೆದವನು ಯಾರೇ ಆಗಿರಲಿ, ಅವನ ಒಂದು ಹಕ್ಕಿಯೂ ಈ ವರ್ಷ ಯಾವ ಪಂದ್ಯದಲ್ಲೂ ಹಾರಕೂಡದು. ಕ್ಷಮೆ ಕೇಳಿದರೂ ಬಿಡಕೂಡದು. ಹೇಳುವಾಗ ಅವನ ಕಣ್ಣು ಸಿರಿಲ್‌ನ ಮೇಲೇ ಇತ್ತು.

"ಅನುಮೋದಿಸ್ತೀನಿ," ಎಂದ ಸಿರಿಲ್, ಎಲ್ಲರಿಗಿಂತ ಮೊದಲು ಕೈಯೆತ್ತಿ.

ಸುಮ್ಮನಿದ್ದರೆ ತಮ್ಮ ಮೇಲೆ ಅನುಮಾನ ಬಂದೀತೆಂದು ಉಳಿದವರೂ ಎರಡೆರಡು ಕೈ ಎತ್ತಿದರು. ಹ್ಯಾರಿ ನಡಾವಳಿ ಪುಸ್ತಕದಲ್ಲಿ ಬರೆದು, ಓದಿ ಹೇಳಿ, ಎಲ್ಲರ ಸಹಿ ಹಾಕಿಸಿಕೊಂಡ. ಆಮೇಲೆ ವಿಲ್ಫ್ ಬದುಕಿರುವ ಪತ್ರವೂ ತಯಾರಾಯಿತು. ಸಿರಿಲ್ ಅದನ್ನು ಮೂರು ಸಲ ಓದಿ, 'ಇವತ್ತು ಮಧ್ಯಾಹ್ನ ಹನ್ನೆರಡೂ ಮುಕ್ಕಾಲರವರೆಗೆ' ಎಂದು ಸೇರಿಸಿ ಸಹಿ ಹಾಕಿದ. ಅದರಾಚೆಗೆ ತಾನು ಜವಾಬ್ದಾರನಲ್ಲ ಎಂದ. ಕೆಳಗೆ ವಿಲ್ಫ್ ತನ್ನ ಕೈಯಾರೆ ಒಂದು ಸಾಲು ಬರೆದ: ನಾನು ಬದುಕಿದ್ದೇನೆಂದು ಖಾತ್ರಿಯಾದ ಕೂಡಲೇ ಆ ಕಾಗದದ ಪ್ರತಿಯನ್ನು ಕಳಿಸತಕ್ಕದ್ದು. ಫ್ರಾನ್ಸಿನ ಹವಾಮಾನದ ಸುದ್ದಿಗೆಂದು ಇಟ್ಟಿದ್ದ ಕ್ಲಬ್ಬಿನ ಫ್ಯಾಕ್ಸ್ ಯಂತ್ರ ಅದನ್ನು ನುಂಗಿಕೊಂಡಿತು.

ಮೂರು ಗಂಟೆಯಾಯಿತು, ನಾಲ್ಕಾಯಿತು, ಐದಾಯಿತು. ವಿಲ್ಫ್ ಮನೆಗೆ ಹೋಗಿ ಡಚೆಸ್‌ಳನ್ನು ಬುಟ್ಟಿಯಲ್ಲಿಟ್ಟುಕೊಂಡು ಬಂದ. ಉಳಿದವರು ತಮ್ಮ ಹಕ್ಕಿಗಳನ್ನು ಹೆಂಡತಿ ಮಕ್ಕಳ ಕೈಲಿ ತರಿಸಿಕೊಂಡರೇ ಹೊರತು ಒಬ್ಬರೂ ಮನೆಗೆ ಹೋಗಿರಲಿಲ್ಲ. ಹೋದವನೇ ಕಳ್ಳ ಎಂದಾಗಿಬಿಟ್ಟರೆ ಎಂಬ ಭಯ.

ಆರೂ ಕಾಲಿಗೆ ಯಂತ್ರ ಗುರುಗುಟ್ಟಿತು. ಮೊದಲ ಹಾಳೆ ಬಂತು. ಸಗ್ಡನ್ ಅವರು ಜೀವಂತರೆಂದು ಕಚೇರಿ ಒಪ್ಪಿದೆ, ತೊಂದರೆಗೆ ವಿಷಾದವಿದೆ, ಅವರ ಉಂಗುರದ ಸಂಖ್ಯೆ ಇಂಥದ್ದು, ಕಾರ್ಯದರ್ಶಿಯವರು ತಮ್ಮಲ್ಲಿರುವ ಹೆಚ್ಚುವರಿ ಉಂಗುರವನ್ನು ಕೊಡಬಹುದು. ಎಲ್ಲರೂ ಚಪ್ಪಾಳೆ ತಟ್ಟಿದರು. ಡಚೆಸ್ ಬುಟ್ಟಿಯೊಳಗೆ ರೆಕ್ಕೆ ಬಡಿದಳು. ವಿಲ್ಫ್‌ನ ಕಣ್ಣು ತುಂಬಿ ಬಂತು.

ಎರಡನೆಯ ಹಾಳೆ ನಿಧಾನವಾಗಿ ಹೊರಬರತೊಡಗಿತು. ಹನ್ನೆರಡು ತಲೆಗಳು ಯಂತ್ರದ ಮೇಲೆ ಬಾಗಿದವು. ಬಲಕ್ಕೆ ವಾಲಿದ ದಪ್ಪ ಅಕ್ಷರ. ಆ ಕೈಬರಹ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು, ಏಕೆಂದರೆ ಕ್ಲಬ್ಬಿಗೆ ವಾರಕ್ಕೊಂದು ದೂರು ಅದೇ ಅಕ್ಷರದಲ್ಲಿ ಬರುತ್ತಿತ್ತು. ಹ್ಯಾರಿ ಗಂಟಲು ಸರಿಮಾಡಿಕೊಂಡು ಓದಿದ.

"ಮಾನ್ಯರೇ, ಸ್ಪ್ರಿಂಗ್ ಟೆರೇಸಿನ ಮುದಿ ವಿಲ್ಫ್ ಮಂಗಳವಾರ ಬೆಳಗಿನ ಜಾವ ತೀರಿಕೊಂಡನೆಂದು ತಿಳಿಸಲು ದುಃಖವಾಗುತ್ತದೆ. ಹಿಂದಿನ ಸಂಜೆ ಒಂದು ಹಿಡಿ ಬಟಾಣಿ ತಿಂದು ಮಲಗಿದವನು ಏಳಲಿಲ್ಲ. ಕಡೆಯವರೆಗೂ ಕಣ್ಣು ನಿಚ್ಚಳವಾಗಿತ್ತು. ಇಬ್ಬರು ಹೆಂಡಿರನ್ನೂ ಮೂವತ್ತೆಂಟು ಮಕ್ಕಳನ್ನೂ ಅಗಲಿದ್ದಾನೆ. ಹಿತ್ತಲಲ್ಲಿ ನಾನೇ ಹೂತೆ. ದಯವಿಟ್ಟು ಪ್ರಕಟಿಸಿ."

ಮುದಿ ವಿಲ್ಫ್ ಎಂದರೆ ಸಗ್ಡನ್‌ನ ಹಳೆಯ ಗಂಡು ಪಾರಿವಾಳ. ಸದಾ ಮುಖ ಊದಿಸಿಕೊಂಡು ಎಲ್ಲರನ್ನೂ ಓರೆಗಣ್ಣಲ್ಲಿ ನೋಡುತ್ತಿದ್ದುದರಿಂದ ಕ್ಲಬ್ಬಿನವರೇ ಅದಕ್ಕೆ ಯಜಮಾನನ ಹೆಸರಿಟ್ಟಿದ್ದರು. ತಿಂಗಳ ಹಿಂದೆ ಅದು ಸತ್ತಾಗ ವಿಲ್ಫ್ ತಾನೇ ಈ ಕಾಗದ ಬರೆದು ಹಾಕಿ ಮರೆತಿದ್ದ.

"ಪಾರಿವಾಳ ಅಂತ ಎಲ್ಲೂ ಬರೆದೇ ಇಲ್ವಲ್ಲೋ," ಎಂದ ಸಿರಿಲ್.

"ಪಾರಿವಾಳದ ಪತ್ರಿಕೆಗೆ ಬರೆಯುವಾಗ ಪಾರಿವಾಳ ಅಂತ ಯಾರಾದರೂ ಬರೀತಾರೇನೋ?" ಎಂದ ವಿಲ್ಫ್.

ಹ್ಯಾರಿ ಆಗಲೇ ನಡಾವಳಿ ಪುಸ್ತಕ ತೆಗೆದಿದ್ದ. ಬರೆದವನು ಯಾರೇ ಆಗಿರಲಿ ಎಂದಿದೆ, ಕ್ಷಮೆ ಕೇಳಿದರೂ ಬಿಡಕೂಡದು ಎಂದಿದೆ, ಹನ್ನೆರಡು ಸಹಿ ಇವೆ, ಮೊದಲನೆಯದು ನಿನ್ನದೇ ಎಂದ. ಗೊತ್ತುವಳಿಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದು ವಿಲ್ಫ್ ಗೋಗರೆದ. ಅದಕ್ಕೆ ವಾರ್ಷಿಕ ಸಭೆಯೇ ಆಗಬೇಕು, ಅದು ನವೆಂಬರಿನಲ್ಲಿ ಎಂದ ಹ್ಯಾರಿ. ಹೊರಗೆ ಲಾರಿ ಬಂದು ನಿಂತಿತು. ಒಬ್ಬೊಬ್ಬರೇ ಬುಟ್ಟಿ ಎತ್ತಿಕೊಂಡು ಹೊರಟರು. ಸಿರಿಲ್ ಕೂಡ ಹೋಗುವಾಗ ಅವನ ಮುಖ ನೋಡಲಿಲ್ಲ. ನೋಡಿದ್ದರೆ ಅವನಿಗೂ ಅಯ್ಯೋ ಅನ್ನಿಸುತ್ತಿತ್ತು.

ಹ್ಯಾರಿ ಕಪ್ಪಿನ ನಿಯಮಗಳ ಪುಟ ತಿರುವುತ್ತ ನಿಂತವನು ನಾಲಿಗೆ ಲೊಚಗುಟ್ಟಿದ.

"ಬೆಳಿಗ್ಗೆ ಇದ್ದ ಹಾಗೇ ಇದ್ದುಬಿಟ್ಟಿದ್ದರೆ ಆಗ್ತಿತ್ತು ಕಣಯ್ಯ. ಇಲ್ಲಿ ನೋಡು, ಹದಿನಾಲ್ಕನೇ ನಿಯಮ. ಚಂದಾದಾರ ತೀರಿಕೊಂಡರೆ ಆ ವರ್ಷ ಅವನ ಹಕ್ಕೀನ ಅವನ ಹೆಂಡತಿ ಬಿಡಬಹುದು. ಎಡ್ನಾ ಹೆಸರಲ್ಲಿ ಡಚೆಸ್ ಹಾಯಾಗಿ ಹಾರ್ತಿದ್ದಳು."

"ಮಧ್ಯಾಹ್ನವೇ ಯಾಕೆ ಹೇಳಲಿಲ್ಲ?"

"ನೀನು ಕೇಳಿದ್ದು ಬದುಕೋಕೆ ಏನು ಮಾಡಬೇಕು ಅಂತ."

ವಿಲ್ಫ್ ಬುಟ್ಟಿಯನ್ನು ಎದೆಗವಚಿಕೊಂಡು ಮನೆಗೆ ನಡೆದ. ಎಡ್ನಾ ಬಾಗಿಲಲ್ಲೇ ನಿಂತಿದ್ದಳು. ಬುಟ್ಟಿ ಕಂಡು ಅವಳ ಮುಖ ಸಣ್ಣದಾಯಿತು.

"ಏನಂದ್ರು? ನೀನು ಬದುಕಿದೀಯ ಅಂತ ಒಪ್ಪಿಕೊಳ್ಳಲಿಲ್ವಾ?"

"ಒಪ್ಪಿಕೊಂಡುಬಿಟ್ಟರು ಕಣೆ," ಎಂದ ವಿಲ್ಫ್.