ಆನೆಯ ಬ್ಯಾನರು, ಸೊಸೆಯ ಇಲಿ

1984ರಲ್ಲಿ ನಾನು ಓದು ನಿಲ್ಲಿಸಿದೆ. ಅಜ್ಜಂಪುರದ ಹೈಸ್ಕೂಲು, ಒಂಬತ್ತನೇ ಕ್ಲಾಸು. ಫೇಲಾಗಿ ಬಿಟ್ಟ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕಾಯಿ ಸುಲಿಯುವ ಆಳು ಕೈಕೊಟ್ಟಿದ್ದ, "ಒಂದು ವಾರ ಬಾರೋ" ಎಂದು ಅಪ್ಪ ಕರೆದರು. ಆ ವಾರ ಇನ್ನೂ ಮುಗಿದಿಲ್ಲ. ಅದಕ್ಕೆ ನನಗೆ ಬೇಜಾರೂ ಇಲ್ಲ. ಕಡೂರಿನಲ್ಲಿ ಸ್ವಂತ ಕೊಬ್ಬರಿ ಮಂಡಿ ಮಾಡಿದ್ದೇನೆ. ಬೋರ್ಡಿನ ಮೇಲೆ ನನ್ನ ಹೆಸರು ಅಪ್ಪನ ಹೆಸರಿಗಿಂತ ಸ್ವಲ್ಪವೇ ಸ್ವಲ್ಪ ಚಿಕ್ಕದಾಗಿದೆ, ಅದೂ ಬರೆಯುವವನ ಒತ್ತಾಯಕ್ಕೆ. ಹೆಮ್ಮೆ ಅನ್ನುವುದು ನನಗೆ ಸಕ್ಕರೆ ಕಾಯಿಲೆಯ ಹಾಗೆ, ಕಡಿಮೆ ಮಾಡಿಕೊಳ್ಳಿ ಎಂದಷ್ಟೂ ಏರುತ್ತದೆ. ಈಚೆಗೆ ಅದು ವಿಪರೀತ ಏರಿದ್ದು ಸೊಸೆಯ ಕಾರಣದಿಂದ.

ನನ್ನ ಮಗ ಶಿವು ನನ್ನ ಜೊತೆ ಮಂಡಿಯಲ್ಲೇ ಇದ್ದಾನೆ. ಅವನ ಹೆಂಡತಿ ಚೈತ್ರ, ತರೀಕೆರೆಯ ಹುಡುಗಿ, ಉತ್ತರದ ಒಂದು ಹಿಮದ ದೇಶದಲ್ಲಿ ಡಾಕ್ಟರೇಟು ಮಾಡುತ್ತಿದ್ದಾಳೆ. ರಜೆಗೆ ಬಂದು ಹೋಗುತ್ತಾಳೆ. "ಗಂಡ ಇಲ್ಲಿ, ಹೆಂಡ್ತಿ ಅಲ್ಲಿ, ಇದೆಂಥ ಸಂಸಾರ ಕಣ್ರೀ?" ಎಂದು ನೆಂಟರೊಬ್ಬರು ಮದುವೆ ಮನೆಯ ಪಂಕ್ತಿಯಲ್ಲೇ ಕೇಳಿದರು. "ನಿಮ್ಮನೇಲಿ ಒಂದೇ ಸೂರಿನ ಕೆಳಗಿರೋರು ದಿನಾ ಮಾತಾಡ್ತಾರಾ? ನಮ್ಮೋರು ದಿನಾ ಫೋನಲ್ಲಿ ಮಾತಾಡ್ತಾರೆ" ಎಂದೆ. ಅವರು ಹೋಳಿಗೆ ಕಡೆ ತಿರುಗಿದರು.

ಕಷ್ಟವೆಲ್ಲ ಮುಂದಿನ ಪ್ರಶ್ನೆಯಲ್ಲಿ. "ಸೊಸೆ ಏನು ಓದ್ತಾಳೆ?" ಸೊಸೆ ನರ್ಸು, ಸೊಸೆ ಲೆಕ್ಚರರು ಎನ್ನುವವರ ಬದುಕು ಎಷ್ಟು ಸುಖ! ಒಂದು ದಿನ ವಿಡಿಯೋ ಫೋನಿನಲ್ಲಿ ಅವಳ ಹಿಂದಿನ ಗೋಡೆಯ ಮೇಲೆ ದೊಡ್ಡ ಚಿತ್ರ ಕಂಡಿತು. ಮೈತುಂಬ ಕಂಬಳಿ ಹೊದ್ದಂಥ ಆನೆ, ದಂತ ಬಾಗಿ ಹಣೆಗೇ ಬಂದಿತ್ತು. "ಅದೇನಮ್ಮಾ?" ಎಂದೆ. "ಮ್ಯಾಮತ್ ಮಾವ, ಹಿಮದ ಕಾಲದ ಆನೆ. ಹಳೇ ಮೂಳೆಯಿಂದ ಡಿಎನ್‌ಎ ತೆಗೆದು, ಭೂಮಿ ಬಿಸಿಯಾದಾಗ ಈ ಪ್ರಾಣಿಗಳ ಗತಿ ಏನಾಯ್ತು ಅಂತ ಇಲ್ಲಿ ನೋಡ್ತಾರೆ" ಎಂದಳು. ನೋಡುವವರು ಯಾರು ಎಂದು ಕೇಳುವಷ್ಟರಲ್ಲಿ ಫೋನು ಕಟ್ಟಾಯಿತು. ನನಗೆ ಕೇಳುವ ಅಗತ್ಯವೂ ಕಾಣಲಿಲ್ಲ. ನಮ್ಮ ಮನೆಯ ಸೊಸೆ ಅಂದ ಮೇಲೆ ಆನೆಗಿಂತ ಕಡಿಮೆಯದನ್ನು ಏಕೆ ಓದುತ್ತಾಳೆ?

ಮರುದಿನವೇ ಗೋಣಿಚೀಲದ ವ್ಯಾಪಾರಿ ಬಷೀರ್ ಸಾಬರಿಗೆ ಹೇಳಿದೆ. ನಾವಿಬ್ಬರೂ ಹಳೆಯ ಸ್ನೇಹಿತರು. ಅವರಿಗೆ ಒಂದು ಮಾತು ಹೇಳಿದರೆ ಕಡೂರಿನ ಬಸ್‌ಸ್ಟ್ಯಾಂಡಿನಲ್ಲಿ ಮೈಕು ಹಾಕಿ ಹೇಳಿದ ಹಾಗೆ. ಸುದ್ದಿ ಅಜ್ಜಂಪುರಕ್ಕೂ ಹೋಯಿತು. ನಾನು ಬಿಟ್ಟುಬಂದ ಶಾಲೆಯವರೇ ಫೋನು ಮಾಡಿ, ರಜೆಗೆ ಬಂದಾಗ ನಿಮ್ಮ ಸೊಸೆ ನಮ್ಮ ಮಕ್ಕಳಿಗೆ ಎರಡು ಮಾತು ಹೇಳಬೇಕು, ಅವರನ್ನು ಪರಿಚಯ ಮಾಡಿಕೊಡುವವರು ನೀವೇ ಆಗಬೇಕು ಎಂದರು. ಫೋನು ಇಟ್ಟವನೇ ಬಷೀರ್ ಸಾಬರ ಅಂಗಡಿಗೆ ಓಡಿದೆ. ಅವರೂ ಸುಮ್ಮನೆ ಕೂರಲಿಲ್ಲ. ತಮ್ಮ ಖರ್ಚಿನಲ್ಲಿ ತರೀಕೆರೆಯಲ್ಲಿ ಫ್ಲೆಕ್ಸ್ ಬ್ಯಾನರು ಮಾಡಿಸಿ ತಂದರು. ನಡುವೆ ಲಾರಿಯಷ್ಟು ದೊಡ್ಡ ಆನೆ, ಒಂದು ಮೂಲೆಯಲ್ಲಿ ಚೈತ್ರ, ಇನ್ನೊಂದು ಮೂಲೆಯಲ್ಲಿ ಕೈಮುಗಿದ ನಾನು.

ಕಾರ್ಯಕ್ರಮದ ಹಿಂದಿನ ಮಧ್ಯಾಹ್ನ ಚೈತ್ರ ಬಂದಳು. ಊಟವಾದ ಮೇಲೆ ಹಜಾರದಲ್ಲಿ ಬ್ಯಾನರು ಬಿಡಿಸಿದೆ. ಅವಳು ಆನೆಯನ್ನು ನೋಡಿದಳು, ನನ್ನನ್ನು ನೋಡಿದಳು.

"ಮಾವ, ಆನೆ ನಮ್ಮ ಪಕ್ಕದ ಟೇಬಲಿನೋರ್ದು. ನಂದು ಲೆಮ್ಮಿಂಗ್."

"ಅದು ಎಷ್ಟು ದೊಡ್ಡದಮ್ಮಾ?"

ಅವಳು ಅಂಗೈ ಚಾಚಿದಳು. "ಇಷ್ಟು. ಒಂಥರಾ ಇಲಿ."

ಇಲಿ! ಓದುಗರೇ, ಕೊಬ್ಬರಿಯವನ ಸಂಕಟ ನಿಮಗೆ ಗೊತ್ತಿರಲಾರದು. ನನ್ನ ಜನ್ಮವೆಲ್ಲ ಸವೆದಿರುವುದು ಆ ಜಾತಿಯ ಜೊತೆ ಹೋರಾಡಿ. ಬೋನು ಇಟ್ಟಿದ್ದೇನೆ, ಬೆಕ್ಕು ಸಾಕಿದ್ದೇನೆ. ಆ ಬೆಕ್ಕು ಹಾಲು ಕುಡಿದು ಮೈ ಬೆಳೆಸಿತು, ಅಷ್ಟೆ. ಅಂಥ ಮನೆಯ ಸೊಸೆ ವಿಮಾನ ಹತ್ತಿ ಹೋಗಿ ಇಲಿಯ ಮೂಳೆ ಹುಡುಕುವುದೆ?

"ಹೆಂಗೂ ಬ್ಯಾನರ್ ಆಗೋಗಿದೆ. ನಾಳೆ ಒಂದಿನ ಆನೆ ಅಂತ ಹೇಳ್ಬಿಡಮ್ಮ" ಎಂದೆ.

ಚೈತ್ರಳ ಮುಖ ಸಣ್ಣದಾಯಿತು. "ಇಲಿ ಅನ್ನಕ್ಕೆ ನಿಮಗೆ ನಾಚಿಕೆ ಆದ್ರೆ ನಾನು ಬರಲ್ಲ ಮಾವ. ನಾಲ್ಕು ವರ್ಷದಿಂದ ಮಾಡ್ತಿರೋದು ಅದೇ ಕೆಲಸ."

ನನ್ನ ಹೆಂಡತಿ ಗಿರಿಜ ಅಡುಗೆಮನೆಯಿಂದಲೇ ಕೂಗಿದಳು: "ಗಣಪ್ಪಂಗೆ ಆನೆ ಮುಖನೂ ಬೇಕು, ಇಲಿನೂ ಬೇಕು. ನಿಮ್ದೊಂದೇ ತಕರಾರು!"

ಮಾತಿನಲ್ಲಿ ಸೋತಾಗ ಅಟ್ಟ ಹತ್ತುವುದು ನನ್ನ ಪದ್ಧತಿ. ಅಟ್ಟದಲ್ಲಿ ಕಾಯಿಗಳು ಸಿಪ್ಪೆ ಸಮೇತ ತಿಂಗಳುಗಟ್ಟಲೆ ಕೂತು, ಒಳಗಿನ ನೀರು ಇಂಗಿ ಕೊಬ್ಬರಿಯಾಗುತ್ತವೆ. ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸುತ್ತ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಚೈತ್ರಳೂ ಏಣಿ ಹತ್ತಿ ಬಂದಳು. ತಾನೂ ಒಂದು ಕಾಯಿ ತೆಗೆದು ಅಲ್ಲಾಡಿಸಿದಳು.

"ಹಿಮ ಅಂದ್ರೆ ಇದೇ ಅಟ್ಟ ಮಾವ. ಸಾವಿರಾರು ವರ್ಷದ ಹಿಂದಿನ ಇಲಿ ಹಲ್ಲು ಅಲ್ಲಿ ಕೆಡದಂಗೆ ಕೂತಿರುತ್ತೆ. ನಾನು ಒಂದು ಚೂರು ಪುಡಿ ಮಾಡಿ, ಅದು ಯಾವ ವಂಶದ್ದು ಅಂತ ನೋಡ್ತೀನಿ. ನಮ್ಮದೊಂದು ಸೀನು ಬಿದ್ರೂ ನಮ್ಮ ಡಿಎನ್‌ಎ ಬೆರೆತು ಕೆಟ್ಟೋಯ್ತು. ಅದಕ್ಕೇ ತಲೆಯಿಂದ ಕಾಲ್ತನಕ ಮುಚ್ಕೊಂಡಿರ್ತೀನಿ."

"ಮದ್ವೇಲೂ ನೀನು ಅಷ್ಟು ಮುಚ್ಕೊಂಡಿರ್ಲಿಲ್ಲ" ಎಂದೆ. ನಕ್ಕಳು. ನನಗೂ ಸ್ವಲ್ಪ ಉಸಿರು ಬಂತು. "ವಂಶ ಗೊತ್ತಾಗಿ ಏನಾಗ್ಬೇಕು?" ಎಂದೆ.

"ಬಿಸಿ ಏರಿದ ಕಾಲದಲ್ಲಿ ಒಂದು ಸೀಮೆ ಇಲಿ ಪೂರ್ತಿ ಅಳಿದೋಗುತ್ತೆ. ಮತ್ತೆ ಚಳಿ ಬಂದಾಗ ಬೇರೆ ಕಡೆಯಿಂದ ಬೇರೆ ವಂಶ ಬಂದು ಅಲ್ಲೇ ಸೇರ್ಕೊಳ್ಳುತ್ತೆ. ಮೂಳೆ ನೋಡಿದ್ರೆ ಎಲ್ಲಾ ಒಂದೇ ಥರ. ಡಿಎನ್‌ಎ ನೋಡಿದ್ರೆ ಮಾತ್ರ ಹಳಬರು ಹೋಗಿ ಹೊಸಬರು ಬಂದಿರೋದು ತಿಳಿಯುತ್ತೆ."

"ಅಂದ್ರೆ ಬೋರ್ಡು ಅದೇ, ಮಾಲೀಕರು ಬೇರೆ!" ಎಂದೆ. ನಮ್ಮ ಬೀದಿಯಲ್ಲೇ ಅಂಥ ಮಂಡಿ ಇದೆ. ಹಳೆಯವರು ಮುಚ್ಚಿಕೊಂಡು ಹೋದರು, ಎಲ್ಲಿಂದಲೋ ಬಂದವರು ಅದೇ ಬೋರ್ಡಿನ ಕೆಳಗೆ ಕೂತರು.

"ಅದೇ ಮಾವ! ಇನ್ನೊಂದು ವಿಷಯ. ಅಲ್ಲಿ ನರಿ, ಗೂಬೆ ಎಲ್ಲಾ ಬದುಕೋದು ಈ ಇಲಿ ತಿಂದೇ. ಇಲಿ ಹೋದ್ರೆ ಅವೂ ಹೋದಂಗೇ."

ಏಣಿ ಇಳಿಯುವಾಗ ನನಗೆ ಆನೆ ಸ್ವಲ್ಪ ಸಣ್ಣದಾಗಿ ಕಾಣುತ್ತಿತ್ತು.

ಆದರೆ ಮರುದಿನ ಶಾಲೆಯ ವೇದಿಕೆಯ ಮೇಲೆ ಅದು ಮತ್ತೆ ಲಾರಿಯಷ್ಟಾಯಿತು. ಹಿಂದೆ ಆನೆ, ಮುಂದೆ ಮಕ್ಕಳು, ಎದುರು ಸಾಲಿನಲ್ಲಿ ಮಂಡಿಯ ವ್ಯಾಪಾರಿಗಳೆಲ್ಲ. ಚೈತ್ರ ಪಕ್ಕದ ಕುರ್ಚಿಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳು. ನಾನು ಆನೆ ಎಂದರೆ ಎದ್ದು ಹೋಗುವವಳಲ್ಲ. ಆದರೆ ಆಮೇಲೆ ನನ್ನ ಜೊತೆ ಅಟ್ಟ ಹತ್ತುವವಳೂ ಅಲ್ಲ. ಮೈಕು ಹಿಡಿದೆ.

"ಈ ಬ್ಯಾನರಿನಲ್ಲಿರೋದು ಆನೆ. ಅದು ನನ್ನ ಬಾಯಿಂದ ಬಂದಿದ್ದು. ನನ್ನ ಸೊಸೆ ಓದ್ತಿರೋದು ಇಲಿ."

ಮಕ್ಕಳು ನಕ್ಕರು. ಬಷೀರ್ ಸಾಬರು ಎದ್ದೇ ನಿಂತರು. "ಏನಣ್ಣಾ ಇದು! ನನ್ನ ಗೋಣಿಚೀಲ ತಿನ್ನೋ ಇಲಿನಾ?"

"ನಿಮ್ಮ ಚೀಲದ್ದು ಲೋಕಲ್ ಸಾಬ್ರೇ. ಇದು ಹಿಮದ್ದು. ಚಳಿಗಾಲಕ್ಕೆ ಬೆಳ್ಳಗಾಗುತ್ತೆ."

"ಬೆಳ್ಳಗಿರೋ ಇಲಿ ಆಗಿದ್ರೆ ಪ್ರಿಂಟ್ ಮಾಡ್ಸೋದು ಸುಲಭ ಇತ್ತಲ್ಲಣ್ಣಾ, ಇಂಕು ಉಳೀತಿತ್ತು!"

ನಗು ನಿಲ್ಲುವವರೆಗೆ ಕಾದು, ಅಟ್ಟದಿಂದ ಶುರು ಮಾಡಿದೆ. ಕಾಯಿ, ಹಿಮ, ಬೋರ್ಡು, ಮಾಲೀಕರು, ನರಿ, ಗೂಬೆ. ಪರಿಚಯ ಎಂದು ಹೇಳಿದ್ದರು. ನಾನು ಪಾಠವನ್ನೇ ಮಾಡಿಬಿಟ್ಟೆನಂತೆ. ಹೆಡ್‌ಮೇಡಂ ಎರಡು ಸಲ ಗಡಿಯಾರ ನೋಡಿಕೊಂಡರು ಎಂದು ಗಿರಿಜ ಆಮೇಲೆ ಹೇಳಿದಳು. ಒಬ್ಬ ಹುಡುಗಿ ಕೈ ಎತ್ತಿ, "ಈಗ ಮತ್ತೆ ಬಿಸಿ ಆಗ್ತಿದ್ಯಲ್ಲ, ಈ ಸಲ ಆ ಇಲಿ ಎಲ್ಲಿಗೆ ಹೋಗುತ್ತೆ?" ಎಂದು ಕೇಳಿದಳು. ಅದು ನನ್ನ ಅಟ್ಟಕ್ಕೆ ನಿಲುಕದ ಪ್ರಶ್ನೆ. ಮೈಕನ್ನು ಚೈತ್ರಳಿಗೆ ಕೊಟ್ಟೆ. "ಗೊತ್ತಿಲ್ಲ ಕಣಮ್ಮ. ಹಿಂದಿನ ಸಲ ಯಾರು ಉಳ್ಕೊಂಡ್ರು, ಹೇಗೆ ಉಳ್ಕೊಂಡ್ರು ಅಂತ ಮೊದಲು ತಿಳ್ಕೋಬೇಕು. ನಾನು ಇಲಿ ಹಿಂದೆ ಬಿದ್ದಿರೋದು ಅದಕ್ಕೇ" ಎಂದು ಅವಳು ಶುರು ಮಾಡಿದಳು. ಆಮೇಲೆ ಗಡಿಯಾರವನ್ನು ಯಾರೂ ನೋಡಲಿಲ್ಲ. ನಾನು ಬಿಟ್ಟುಹೋದ ಶಾಲೆಯಲ್ಲಿ ಕೂತು, ನನ್ನ ಸೊಸೆಯ ಪಾಠವನ್ನು ಪೂರ್ತಿ ಕೇಳಿದೆ.

ಚೈತ್ರ ರಜೆ ಮುಗಿಸಿ ಹೋದಳು. ಮಂಡಿಯಲ್ಲಿ ಈಗ ನನ್ನನ್ನು "ಇಲಿ ಯಜಮಾನ್ರು" ಅನ್ನುತ್ತಾರೆ, ನಾನು ತಿರುಗಿಯೂ ನೋಡುತ್ತೇನೆ. ಅಷ್ಟು ಗಟ್ಟಿ ಬ್ಯಾನರನ್ನು ಎಸೆಯಲು ಮನಸ್ಸು ಬರಲಿಲ್ಲ. ಹೆಂಚು ಸೋರುವ ಕಡೆ ಅಟ್ಟದ ಕಾಯಿಗಳಿಗೆ ಹೊದಿಸಿದ್ದೆ. ನಿನ್ನೆ ಹತ್ತಿ ನೋಡಿದೆ. ಫೋಟೋ ತೆಗೆದು ಚೈತ್ರಳಿಗೂ ಕಳಿಸಿದೆ.

ಇವತ್ತಿಗೆ ನನ್ನ ಹತ್ತಿರ ಇರುವುದು ಇಷ್ಟು: ಒಂದು ಮಂಡಿ, ಎರಡು ಅಟ್ಟ, ಒಬ್ಬಳು ಹೆಂಡತಿ, ಒಬ್ಬ ಮಗ, ಡಾಕ್ಟರಾಗಲಿರುವ ಒಬ್ಬಳು ಸೊಸೆ, ಮೂರು ಖಾಲಿ ಇಲಿಬೋನು, ಮತ್ತು ಇಲಿ ತಿಂದು ಸೊಂಡಿಲು ಕಳೆದುಕೊಂಡ ಒಂದು ಆನೆ.