ಭಾವನಿಗೆ ಎಸಿ ಹಾಕಿದ್ದು

ಗಾಳಿ ಮಾರಿ ಬದುಕುವವನಿಗೆ ಗಾಳಿಯಿಂದಲೇ ಗಂಡಾಂತರ ಬರುತ್ತದೆಂದು ಯಾರಾದರೂ ಮೊದಲೇ ಹೇಳಿದ್ದರೆ ನಾನು ಬಳೆ ಅಂಗಡಿ ಇಡುತ್ತಿದ್ದೆ. ಚಳ್ಳಕೆರೆಯಲ್ಲಿ ನನ್ನದು ಫ್ಯಾನಿನ ಅಂಗಡಿ. ಬೇಸಿಗೆ ಬಂತೆಂದರೆ ಊರು ಬೆವರುತ್ತದೆ, ನಾನು ಅರಳುತ್ತೇನೆ. ವರ್ಷಗಳ ಹಿಂದೆ ಇಂಥ ನನ್ನ ಮನೆಯ ಗೃಹಪ್ರವೇಶದ ಊಟದ ನಡುವೆ ಕರೆಂಟ್ ಹೋಗಿ ಬಂತು. ಅಷ್ಟಕ್ಕೇ ನಮ್ಮ ತಿಪ್ಪೇಸ್ವಾಮಿ ಭಾವ, ಎಂದರೆ ಮೊಳಕಾಲ್ಮೂರಿನ ನನ್ನ ಅಕ್ಕನ ಗಂಡ, ಎಲೆಯ ಮೇಲಿನ ಹೋಳಿಗೆ ಮುರಿಯದೆ ಎದ್ದು ಹೋದರು. ಫ್ಯಾನಿನಂಗಡಿಯವನು ಸ್ವಂತ ಭಾವನಿಗೇ ಗಾಳಿ ಕೊಡಲಿಲ್ಲ ಎಂದು ನೆಂಟರೆಲ್ಲ ಆಡಿಕೊಂಡರು. ಅಂದಿನಿಂದ ಅವರು ನಮ್ಮ ಹೊಸ್ತಿಲು ತುಳಿದಿಲ್ಲ. ಅವರು ಬಾರದ ಮನೆಗೆ ಅಕ್ಕನೂ ಬರುವುದಿಲ್ಲ.

ಈ ಮೇ ತಿಂಗಳಲ್ಲಿ ಮಗಳ ನಿಶ್ಚಿತಾರ್ಥ ಬಂತು. "ಸೋದರತ್ತೆ ಬರದಿದ್ರೆ ನಾನು ಹಸೆ ಮೇಲೆ ಕೂರಲ್ಲ" ಎಂದು ಮಗಳು ಹಟ ಹಿಡಿದಳು. ಹೆಂಡತಿ ಶಾರದೆಗೆ ಒಂದು ಉಪಾಯ ಹೊಳೆಯಿತು. "ನೀವೇ ಕಾರು ತಗಂಡು ಹೋಗ್ರಿ. ಎಸಿ ಹಾಕಿ, ತಣ್ಣಗೆ ಕೂರ್ಸಿ ಕರ್ಕಂಬರ್ರಿ. ಹಳೇ ಸಿಟ್ಟೆಲ್ಲ ಇಳಿತೈತೆ." ಉಪಾಯವೇನೋ ಚೆನ್ನಾಗಿತ್ತು. ನಮ್ಮ ಕಾರಿನ ಎಸಿ ಮಾತ್ರ ಒಲೆ ಊದಿದ ಹಾಗೆ ಊದುತ್ತಿತ್ತು. ಮೆಕ್ಯಾನಿಕ್ ಖಲೀಲನ ಹತ್ತಿರ ಓಡಿದೆ. ಅವನು ಬಾನೆಟ್ ಎತ್ತಿ, ನನ್ನ ಅಂಗಡಿಯಲ್ಲೇ ಕೊಂಡಿದ್ದ ಆಳೆತ್ತರದ ಫ್ಯಾನನ್ನು ಕಾರಿನ ಮೂತಿಗೆ ಹಿಡಿದು ನಿಲ್ಲಿಸಿ, ಎಸಿಗೆ ಗ್ಯಾಸ್ ತುಂಬಿದ. ಒಳಗೆ ಕೂತೆ. ಅಬ್ಬಬ್ಬಾ! ಹಲ್ಲು ಕಟಕಟ ಎಂದವು. "ದೇಖೋ ಅಣ್ಣ, ಊಟಿ!" ಎಂದ ಖಲೀಲ. ಗರಗರ ತಿರುಗುತ್ತಿದ್ದ ನನ್ನ ಫ್ಯಾನನ್ನು ನೋಡಿ ನನಗೂ ಹೆಮ್ಮೆಯಾಯಿತು. ಆ ಹೆಮ್ಮೆಗಿಷ್ಟು ಬೆಂಕಿ ಬೀಳ.

ಭಾವ ಜೀವಮಾನವೆಲ್ಲ ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ರೇಷ್ಮೆ ಸೀರೆ ನೇಯ್ದವರು. ಮಾತು ಕಡಿಮೆ, ಮುಖ ಬಿಗಿ. ಅಕ್ಕ ಅದೇನು ಹೇಳಿ ಒಪ್ಪಿಸಿದ್ದಳೋ, ಅಂತೂ ಅವಳ ಕೈ ಹಿಡಿದು ಬಂದು ಮುಂದಿನ ಸೀಟಿನಲ್ಲಿ ಕೂತರು. ನಾನು ಎಸಿ ಹಾಕಿದೆ. ಭಾವ ಹೆಗಲ ಮೇಲಿನ ಶಲ್ಯ ತೆಗೆದು ಮೊಣಕಾಲಿಗೆ ಹೊದ್ದುಕೊಂಡರು. ಬಿಗುಮಾನ ಇನ್ನೂ ಹೋಗಿಲ್ಲ ಎಂದುಕೊಂಡು ಎಸಿಯನ್ನು ಇನ್ನಷ್ಟು ಜೋರು ಮಾಡಿದೆ. ದಾರಿಯಲ್ಲಿ ತಳಕು ಊರಿನ ಹತ್ತಿರ ಕುರಿಮಂದೆ ಅಡ್ಡ ಬಂತು. ಕಾರು ನಿಲ್ಲಿಸಿದೆ. ಕುರಿಗಳು ಮುಗಿಯುವ ಲಕ್ಷಣವೇ ಇಲ್ಲ. ತಣ್ಣನೆಯ ಗಾಳಿ ಉಗುರುಬೆಚ್ಚಗಾಯಿತು, ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪಿನತ್ತ ಏರಿತು. ಖಲೀಲನಿಗೆ ಫೋನ್ ಹಚ್ಚಿದೆ.

"ಮುಂದೆ ರೇಡಿಯೇಟರ್ ಫ್ಯಾನ್ ತಿರುಗ್ತೈತಾ ನೋಡ್ರಿ ಅಣ್ಣ." ಇಳಿದು ನೋಡಿದೆ. ತಿರುಗುತ್ತಿರಲಿಲ್ಲ.

"ಯಾ ಅಲ್ಲಾ! ಗ್ಯಾರೇಜ್‌ನಾಗೆ ನಿಮ್ ಫ್ಯಾನ್ ಗಾಳಿ ಬಿಡ್ತಿತ್ತಲ್ಲ, ಓಡುವಾಗ ಎದುರುಗಾಳಿ ಹೊಡೀತಿತ್ತು, ಅದಕ್ಕೇ ಕಾರಿನ ಫ್ಯಾನ್ ಸತ್ತಿರೋದು ಗೊತ್ತಾಗ್ಲಿಲ್ಲ!"

ನಾನು ರಸ್ತೆಯಲ್ಲೇ ದಂಗುಬಡಿದು ನಿಂತೆ. ಫ್ಯಾನ್ ಮಾರುವವನ ಕಾರಿನಲ್ಲಿ ಫ್ಯಾನ್ ಸತ್ತಿದೆ, ಅದನ್ನು ಮರೆಮಾಚಿದ್ದೂ ನಾನೇ ಮಾರಿದ ಫ್ಯಾನು!

"ಈಗ ಎಸಿ ಬಂದ್ ಮಾಡಿ, ಹೀಟರ್ ಪೂರ್ತಿ ಹಾಕ್ರಿ. ಎಂಜಿನ್ ಬಿಸಿನೆಲ್ಲ ಒಳಗೆ ಎಳ್ಕಂತೈತೆ."

"ಹೀಟರ್ರಾ? ಈ ಬಿಸಿಲಾಗಾ? ನಮ್ ಭಾವನ ಮೇಲಾ?"

"ಎಂಜಿನ್ ಬೇಕೋ, ಭಾವ ಬೇಕೋ, ನೀವೇ ಹೇಳ್ರಿ."

ನನಗೆ ಎರಡೂ ಬೇಕಿತ್ತು. ಕಾರಿನೊಳಗೆ ಕೂತು, ಕಣ್ಣು ಮುಚ್ಚಿ ಹೀಟರಿನ ಗುಂಡಿಯನ್ನು ಕೆಂಪಿಗೆ ತಿರುಗಿಸಿದೆ. ಕಾಲಿನ ಬುಡದಿಂದ ಬಿಸಿಗಾಳಿ ಭಗ್ಗೆಂದಿತು. ಕಿಟಕಿ ಇಳಿಸೋಣವೆಂದರೆ ಹೊರಗೆ ಕುರಿಗಳ ಧೂಳು. "ಏನಲೇ, ನಮ್ಮನ್ನ ಬೇಯಿಸ್ತೀಯಾ?" ಎಂದು ಅಕ್ಕ ಹಿಂದಿನಿಂದ ಕೂಗಿದಳು. ಮುಗಿಯಿತು, ಸಂಬಂಧ ಇವತ್ತಿಗೆ ಮುಗಿಯಿತು ಎಂದು ನಾನು ಒಳಗೊಳಗೇ ಅಳುತ್ತಿದ್ದೆ. ಸ್ವಲ್ಪ ಹೊತ್ತಿಗೆ ಭಾವ ಬಗ್ಗಿ ಚಪ್ಪಲಿ ಬಿಚ್ಚಿದರು. ಹೊಡೆಯುವುದಕ್ಕೇ ಎಂದುಕೊಂಡು ತಲೆ ತಗ್ಗಿಸಿದೆ. ಏಟು ಬೀಳಲಿಲ್ಲ. ಓರೆಗಣ್ಣಲ್ಲಿ ನೋಡಿದರೆ ಭಾವ ಶಲ್ಯ ಪಕ್ಕಕ್ಕಿಟ್ಟು, ಎರಡೂ ಪಾದಗಳನ್ನು ಬಿಸಿಗಾಳಿಗೆ ಒಡ್ಡಿ ಕಣ್ಣು ಮುಚ್ಚಿದ್ದರು.

ಕುರಿಗಳು ಸರಿದ ಮೇಲೂ ಹೀಟರ್ ಆರಿಸದೆ ಮನೆ ಮುಟ್ಟಿದೆ. ಹತ್ತುವಾಗ ಅಕ್ಕನ ಕೈ ಹಿಡಿದಿದ್ದ ಭಾವ ಮನೆ ಮುಂದೆ ಯಾರ ಕೈಯನ್ನೂ ಹಿಡಿಯದೆ ಇಳಿದರು. ಅಕ್ಕ ಬಿಟ್ಟ ಬಾಯಿ ಬಿಟ್ಟ ಹಾಗೇ ನಿಂತಳು. ಬೆವರಿನಲ್ಲಿ ತೊಯ್ದು ತೊಪ್ಪೆಯಾಗಿದ್ದ ನಾನು ಕೈಮುಗಿದೆ. "ತಪ್ಪಾತು ಭಾವ. ಅವತ್ತೂ ನಿಮಗೆ ಗಾಳಿ ಕೊಡಲಿಲ್ಲ, ಇವತ್ತೂ ಕೊಡಲಿಲ್ಲ."

"ಅವತ್ತು ಕೊಡಲಿಲ್ಲ ಅಂದೋರು ಯಾರಲೇ?" ಎಂದರು ಭಾವ. "ಎಲೆ ಮುಂದೇನೇ ನೀನು ಫ್ಯಾನ್ ನಿಲ್ಸಿದ್ದೆ. ಮಗ್ಗದ ಗುಂಡಿಯಾಗೆ ಸೆಟೆದಿರೋ ಮೊಣಕಾಲು ನನ್ನವು, ಗಾಳಿ ತಾಕಿದ್ರೆ ಜೀವ ಹೋಗ್ತೈತೆ. ಕರೆಂಟ್ ಹೋತು, ಬದುಕಿದೆ ಅಂದ್ಕಂಡೆ. ಮತ್ತೆ ಬಂತು. ಎದ್ದು ಹೋದೆ."

"ಆರಿಸು ಅಂತ ಒಂದು ಮಾತು ಹೇಳಬಾರದಿತ್ತಾ?"

"ಫ್ಯಾನ್ ಅಂಗಡಿಯವನ ಮನ್ಯಾಗೆ ಫ್ಯಾನ್ ಆರ್ಸು ಅಂದ್ರೆ ನಿನಗೆ ಬೇಜಾರಾಗಲ್ವೇನಲೇ? ಅದಕ್ಕೇ ಈ ಕಡೆ ಬರೋದನ್ನೇ ಬಿಟ್ಟೆ."

ಇಷ್ಟು ವರ್ಷ ನಾನು ನಾಚಿಕೊಂಡಿದ್ದು ಗಾಳಿ ನಿಂತದ್ದಕ್ಕೆ; ಅವರು ಓಡಿಹೋಗಿದ್ದು ಗಾಳಿ ಬಂದದ್ದಕ್ಕೆ. ನಿಶ್ಚಿತಾರ್ಥದ ದಿನ ಮನೆಯ ಫ್ಯಾನುಗಳನ್ನೆಲ್ಲ ಆರಿಸಿದೆ. ಅಕ್ಕ ಆರತಿ ಎತ್ತಿದಳು, ಮಗಳು ನಗುತ್ತ ಹಸೆ ಮೇಲೆ ಕೂತಳು, ಭಾವ ಹೋಳಿಗೆ ಕೇಳಿ ಹಾಕಿಸಿಕೊಂಡರು. ಹೊಸ ಬೀಗರು ಮಾತ್ರ ಬೆವರೊರೆಸಿಕೊಳ್ಳುತ್ತ, ಮೇಲೆ ಸುಮ್ಮನೆ ನೇತಾಡುತ್ತಿದ್ದ ಫ್ಯಾನುಗಳನ್ನೂ ನನ್ನನ್ನೂ ಮಿಕಿಮಿಕಿ ನೋಡುತ್ತಿದ್ದರು.

ಆಮೇಲೆ ಖಲೀಲ ಕಾರಿಗೆ ಹೊಸ ಫ್ಯಾನ್ ಹಾಕಿದ. ಅಕ್ಕನನ್ನೂ ಭಾವನನ್ನೂ ಅವರ ಊರಿಗೆ ಬಿಟ್ಟು ಬರಲು ನಾನು ಹೊರಟಾಗ ಎಸಿ ನಿಜಕ್ಕೂ ಊಟಿಯಂತೆ ಬೀಸಿತು. ಊರು ದಾಟುವ ಮೊದಲೇ ಭಾವ ಕೈ ಚಾಚಿ, ಕೇಳದೆ ಹೇಳದೆ, ಗುಂಡಿಯನ್ನು ಕೆಂಪಿಗೆ ತಿರುಗಿಸಿದರು. ನನ್ನ ಹಣೆಯಿಂದ ಬೆವರು ಕಣ್ಣಿಗಿಳಿಯಿತು. ಮೆಲ್ಲಗೆ ನನ್ನ ಕಡೆಯ ಕಿಟಕಿಯನ್ನು ಒಂದು ಬೆರಳಿನಷ್ಟು ಇಳಿಸಿದೆ.

"ಕಿಟಕಿ ಏರ್ಸಲೇ," ಎಂದರು ಭಾವ, "ಗಾಳಿ ಬರ್ತೈತೆ."